ನಿರ್ಯಾಸಗಳ ನಾಮನಿರ್ಣಯ: ಜೈನ ವೈದ್ಯ ಹಸ್ತಪ್ರತಿಗಳ ಚರ್ಮರೋಗ ಯೋಗಗಳಲ್ಲಿ ಗುಗ್ಗುಲು, ರಾಳ, ಮೇಣ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯು ಆಂಧ್ರಪ್ರದೇಶದ ಗಡಿಗೆ ಸಮೀಪದ ಊರು. ಆ ನೆರೆಹೊರೆಯ ಗುರುತು ಊರಿನ ಹೆಸರಿನಲ್ಲಿಯೇ ಉಂಟು. ಕನ್ನಡದಲ್ಲಿ ಪಕಾರವು ಹಕಾರವಾಗಿ 'ಹಳ್ಳಿ'ಯೆಂದಾದ ಶಬ್ದವು ಇಲ್ಲಿ 'ಪಲ್ಲಿ'ಯಾಗಿಯೇ ನಿಂತಿದೆ. ಈ ಸೀಮೆಯಲ್ಲಿ ಅನೇಕರಿಗೆ ಮನೆಮಾತು ತೆಲುಗು, ಓದುಬರಹದ ಭಾಷೆ ಕನ್ನಡ. ಇಂತಹ ಊರಿನಲ್ಲಿ ಸಂಸ್ಕೃತ ವೈದ್ಯಗ್ರಂಥವೊಂದನ್ನು ಓದುವವನು ಇಸುಬಿಗೆ ಹೇಳಿದ ಯೋಗದಲ್ಲಿ 'ಗುಗ್ಗುಲು' ಎಂಬ ಪದವನ್ನು ಕಂಡು, ಅದನ್ನು ಮನೆಮಾತಿಗೆ ತಿರುಗಿಸಿ ಗ್ರಂಧಿಗೆ ಅಂಗಡಿಯಲ್ಲಿ 'ಗುಗ್ಗಿಲಂ' ಎಂದು ಕೇಳಿದನೆಂದು ಭಾವಿಸೋಣ. ಅವನಿಗೆ ದೊರೆಯುವುದು ಗುಗ್ಗುಲುವಲ್ಲ, ರಾಳ. ತೆಲುಗಿನ ಗುಗ್ಗಿಲಂ ಎಂಬುದು ಸಂಸ್ಕೃತದ ಸರ್ಜರಸಕ್ಕೆ ಸಲ್ಲುವ ಹೆಸರು. ಸಂಸ್ಕೃತದ ಗುಗ್ಗುಲುವನ್ನು ಅದೇ ಅಂಗಡಿಯಲ್ಲಿ ಪಡೆಯಬೇಕಾದರೆ 'ಮೈಸಾಕ್ಷಿ' ಎಂದು ಕೇಳಬೇಕು. ಇದು ನಿಘಂಟುಗಳು ಗುಗ್ಗುಲುವಿನ ಒಂದು ಜಾತಿಗೆ ಹೇಳುವ 'ಮಹಿಷಾಕ್ಷ' ಎಂಬ ಹೆಸರಿನ ತದ್ಭವ.

ಇದು ಅಂಗಡಿಯ ಮಾತಾಗಿದ್ದರೆ ಇಲ್ಲಿ ಪ್ರಸ್ತಾಪಿಸುವ ಅಗತ್ಯವಿರಲಿಲ್ಲ. ವೈದ್ಯಗ್ರಂಥಗಳ ಓಲೆಪ್ರತಿಗಳನ್ನು ಪ್ರತಿಮಾಡಿದವರೂ, ಅವುಗಳ ಅಂಚಿನಲ್ಲಿ ಕನ್ನಡ ಅರ್ಥವನ್ನು ಗೀಚಿದವರೂ ಇಂತಹ ಊರುಗಳಲ್ಲಿಯೇ ಬಾಳಿದವರು. ಅವರು ಬರೆದ ಅರ್ಥವನ್ನು ಇಂದಿನ ಸಂಪಾದಕರು ಪ್ರಮಾಣವೆಂದು ಸ್ವೀಕರಿಸಿ ಮುದ್ರಿಸುತ್ತಾರೆ. ಮುದ್ರಿತ ಗ್ರಂಥವನ್ನು ನಂಬಿ ಯಾರೋ ಒಬ್ಬರು ಉರಿಯುವ ಚರ್ಮಕ್ಕೆ ಲೇಪ ಹಚ್ಚುತ್ತಾರೆ. ಕಾವ್ಯದಲ್ಲಿ ಅಪಪಾಠವುಳಿದರೆ ರಸಭಂಗವಾಗುತ್ತದೆ. ವೈದ್ಯದಲ್ಲಿ ಅಪಪಾಠವುಳಿದರೆ ರೋಗಿಯ ಮೈ ಸುಡುತ್ತದೆ. ಆದುದರಿಂದ ಚರ್ಮರೋಗದ ಯೋಗಗಳಲ್ಲಿ ಬರುವ ನಿರ್ಯಾಸಗಳ ಹೆಸರನ್ನು ಯಾವ ಸಾಧನಗಳಿಂದ ನಿರ್ಣಯಿಸಬಹುದು, ಜೈನ ವೈದ್ಯರ ಅಹಿಂಸಾನಿಯಮವು ಈ ನಿರ್ಣಯಕ್ಕೆ ಯಾವ ರೀತಿಯ ನೆರವನ್ನು ನೀಡುತ್ತದೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಕರ್ನಾಟಕದ ಜೈನ ವೈದ್ಯಪರಂಪರೆಯು ಪೂಜ್ಯಪಾದರಿಂದ ಆರಂಭವಾಗುತ್ತದೆಂದು ಹೇಳುವುದು ವಾಡಿಕೆ. ಜೈನೇಂದ್ರ ವ್ಯಾಕರಣವನ್ನೂ ಸರ್ವಾರ್ಥಸಿದ್ಧಿಯನ್ನೂ ರಚಿಸಿದ ಆಚಾರ್ಯರು ವೈದ್ಯಶಾಸ್ತ್ರವನ್ನೂ ಬರೆದರೆಂದು ನಗರ ತಾಲ್ಲೂಕಿನ ಶಾಸನವೊಂದು ಸಾರುತ್ತದೆ. ಸಂಪ್ರದಾಯವು ಅವರನ್ನು ಗಂಗರಾಜ ದುರ್ವಿನೀತನೊಡನೆ ಸೇರಿಸುತ್ತದೆ. ಗಂಗರು ತಮ್ಮನ್ನು 'ಕುವಳಾಲಪುರವರೇಶ್ವರ'ರೆಂದು ಕರೆದುಕೊಂಡವರು. ಆ ಕುವಳಾಲವೇ ಇಂದಿನ ಕೋಲಾರ. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದು 'ಕರ್ಣಾಟಕ ಕಲ್ಯಾಣಕಾರಕ'ವನ್ನು ರಚಿಸಿದನು. ಅದರಲ್ಲಿ ಹೇಳಿದ ಚಿಕಿತ್ಸೆಯು ಸಸ್ಯಮೂಲವಾದುದು, ಮದ್ಯರಹಿತವಾದುದು ಎಂಬುದನ್ನು ಕನ್ನಡ ಸಾಹಿತ್ಯಚರಿತ್ರಕಾರರು ವಿಶೇಷವಾಗಿ ಗುರುತಿಸಿದ್ದಾರೆ. ಮುಂದೆ ಸುಮಾರು 1360ರಲ್ಲಿ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷಚಿಕಿತ್ಸೆಗೆ ಮೀಸಲಾಗಿ ಬಂದಿತು.

ಪ್ರಸ್ತುತ ವಿಷಯಕ್ಕೆ ಹೆಚ್ಚು ಮುಖ್ಯನಾದವನು ಸಂಸ್ಕೃತದಲ್ಲಿ ಬರೆದ ಉಗ್ರಾದಿತ್ಯಾಚಾರ್ಯ. ಶ್ರೀನಂದಿಯ ಶಿಷ್ಯನಾದ ಈತನ ಕಲ್ಯಾಣಕಾರಕವು ಇಪ್ಪತ್ತೈದು ಪರಿಚ್ಛೇದಗಳ ದೊಡ್ಡ ಗ್ರಂಥ. ಕೊನೆಯಲ್ಲಿ ರಿಷ್ಟಾಧ್ಯಾಯ, ಹಿತಾಹಿತಾಧ್ಯಾಯಗಳೆಂಬ ಎರಡು ಅನುಬಂಧಗಳಿವೆ. ಮಾಂಸಭಕ್ಷಣವು ಔಷಧವೆಂಬ ನೆಪದಿಂದಲೂ ನಿಷ್ಪ್ರಯೋಜಕವೆಂದು ಸಾಧಿಸುವ ಹಿತಾಹಿತಾಧ್ಯಾಯವು ನೃಪತುಂಗವಲ್ಲಭನ, ಎಂದರೆ ರಾಷ್ಟ್ರಕೂಟ ಅಮೋಘವರ್ಷನ (814–878) ಸಭೆಯಲ್ಲಿ ನಡೆದ ಪ್ರಸಂಗವೆಂದು ಗ್ರಂಥವೇ ಹೇಳುತ್ತದೆ. ಗ್ರಂಥರಚನೆಯಾದುದಾದರೋ ವೇಂಗಿಯ ಅರಸನ ಆಳ್ವಿಕೆಗೊಳಪಟ್ಟ ತ್ರಿಕಲಿಂಗದ ರಾಮಗಿರಿಯಲ್ಲಿ. ಆ ರಾಮಗಿರಿ ಯಾವುದೆಂಬ ಬಗೆಗೆ ವಿದ್ವಾಂಸರಲ್ಲಿ ಮತಭೇದವಿದೆ. ರಾಮಟೇಕವೆನ್ನುವವರೂ ವಿಜಯನಗರಂ ಜಿಲ್ಲೆಯ ರಾಮತೀರ್ಥವೆನ್ನುವವರೂ ಇದ್ದಾರೆ. ಆ ಚರ್ಚೆ ಹೇಗೇ ಇರಲಿ, ವೇಂಗಿಯ ಸಂಬಂಧವುಳ್ಳ ಗ್ರಂಥವು ಕನ್ನಡ ಅರಸನ ಸಭೆಯನ್ನು ಹೊಕ್ಕು, ಕನ್ನಡನಾಡಿನ ಭಂಡಾರಗಳಲ್ಲಿ ಉಳಿದು, 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಹಿಂದೀ ಅನುವಾದದೊಡನೆ ಸೊಲ್ಲಾಪುರದಿಂದ ಪ್ರಕಟವಾಯಿತು. ಹೀಗೆ ಗ್ರಂಥವೊಂದು ತೆಲುಗು, ಕನ್ನಡ, ಮರಾಠಿ, ಹಿಂದೀ ಎಂಬ ನಾಲ್ಕು ಭಾಷೆಗಳ ನೆಲದ ಮೇಲೆ ನಡೆದುಬಂದಾಗ ಮರದ ಅಂಟಿನ ಹೆಸರು ಒಂದೇ ಅರ್ಥದಲ್ಲಿ ಉಳಿದೀತೆಂದು ನಿರೀಕ್ಷಿಸಲಾಗದು.

ಹೆಸರುಗಳ ತೊಡಕನ್ನು ನೋಡುವ ಮೊದಲು ವಸ್ತುಗಳ ಭೇದವನ್ನು ತಿಳಿಯಬೇಕು. ಗುಗ್ಗುಲುವು ಗುಜರಾತು, ರಾಜಸ್ಥಾನಗಳ ಒಣನೆಲದಲ್ಲಿ ಬೆಳೆಯುವ ಮುಳ್ಳುಪೊದೆಯೊಂದರ ಸ್ರಾವ. ಸಸ್ಯಶಾಸ್ತ್ರಜ್ಞರು ಆ ಗಿಡವನ್ನು ಕಾಮಿಫೊರಾ ವೈಟಿಯೈ ಎನ್ನುತ್ತಾರೆ. ಅದೇ ಕುಲದ ಸಲ್ಲಕೀ ವೃಕ್ಷದ (ಬೋಸ್ವೆಲಿಯಾ ಸೆರ್ರಾಟಾ) ಸ್ರಾವಕ್ಕೆ ಕುಂದುರು, ಕುಂದುರುಕ ಎಂಬ ಹೆಸರುಗಳಿವೆ. ಇವೆರಡರಲ್ಲಿಯೂ ಎಣ್ಣೆ, ರಾಳ, ಗೋಂದು ಮೂರೂ ಕೂಡಿವೆ. ಸರ್ಜರಸವಾದರೋ ಸಾಲವೃಕ್ಷದ ಜಾತಿಯ ಮರಗಳಿಂದ ಬರುವ ಸ್ರಾವ. ಅದರಲ್ಲಿ ನೀರಿನಲ್ಲಿ ಕರಗುವ ಗೋಂದಿನ ಅಂಶವಿಲ್ಲ. ಶ್ರೀವೇಷ್ಟಕ ಅಥವಾ ಶ್ರೀವಾಸವೆಂಬುದು ಹಿಮಾಲಯದ ಸರಲವೃಕ್ಷದ ಸ್ರಾವ. ತುರುಷ್ಕವು ಹೊರದೇಶದಿಂದ ಬರುತ್ತಿದ್ದ ಸುಗಂಧದ್ರವ್ಯ.

ಇವೆಲ್ಲ ಬೇರೆಬೇರೆ ದ್ರವ್ಯಗಳೆಂಬುದಕ್ಕೆ ಸುಶ್ರುತಸಂಹಿತೆಯ ಏಲಾದಿಗಣವು ಉತ್ತಮ ಸಾಕ್ಷಿ. ಕಂಡು, ಪಿಡಕಾ, ಕೋಠ, ಎಂದರೆ ತುರಿಕೆ, ಗುಳ್ಳೆ, ದದ್ದುಗಳನ್ನು ಪರಿಹರಿಸಿ ಚರ್ಮದ ಬಣ್ಣವನ್ನು ತಿಳಿಗೊಳಿಸುವುದೆಂದು ಹೇಳಲಾದ ಈ ಗಣದಲ್ಲಿ ಶ್ರೀವೇಷ್ಟಕ, ಗುಗ್ಗುಲು, ಸರ್ಜರಸ, ತುರುಷ್ಕ, ಕುಂದುರುಕ ಈ ಐದೂ ಪ್ರತ್ಯೇಕವಾಗಿ ಪಠಿತವಾಗಿವೆ. ಅದೇ ಸಂಹಿತೆಯ ಸೂತ್ರಸ್ಥಾನದಲ್ಲಿ ಶಸ್ತ್ರಕರ್ಮವಾದ ನಂತರ ವ್ರಣಕ್ಕೆ ಹೊಗೆ ಹಾಕಲು ಹೇಳಿದ ಚೂರ್ಣದಲ್ಲಿಯೂ ಗುಗ್ಗುಲು ಮತ್ತು ಸರ್ಜರಸ ಎರಡೂ ಬರುತ್ತವೆ. ಆದಕಾರಣ ಒಂದೇ ಯೋಗದಲ್ಲಿ ಎರಡು ಹೆಸರುಗಳು ಕಂಡಾಗ ಒಂದನ್ನು ಇನ್ನೊಂದರ ಪರ್ಯಾಯವೆಂದು ಅರ್ಥೈಸುವುದು ಸಾಧುವಲ್ಲ. ಒಂದೇ ಹೆಸರು ಕಂಡಾಗಲೇ ನಿಜವಾದ ತೊಡಕು.

ಸಾಲವೃಕ್ಷವು ಮಧ್ಯಭಾರತದಿಂದ ಆಂಧ್ರದ ಉತ್ತರಭಾಗದವರೆಗೆ ಬೆಳೆಯುತ್ತದೆ. ಕನ್ನಡನಾಡಿನ ಕಾಡುಗಳಲ್ಲಿ ಅದು ಸಹಜವಾಗಿಲ್ಲ. ಆದುದರಿಂದ ಪ್ರತಿಯೊಂದು ಸೀಮೆಯೂ ತನ್ನ ಕಾಡಿನಲ್ಲಿ ದೊರೆತುದನ್ನು ಸರ್ಜರಸದ ಸ್ಥಾನದಲ್ಲಿರಿಸಿತು. ತುಳುನಾಡಿನಲ್ಲಿ ಧೂಪದ ಮರದ (ವಟೀರಿಯಾ ಇಂಡಿಕಾ) ಬಿಳಿಯ ರಾಳ ಆ ಸ್ಥಾನವನ್ನು ಪಡೆಯಿತು. ಮಲೆನಾಡಿನಲ್ಲಿ ಕರಿಧೂಪವೂ ಉಂಟು, ಹಾಲುಮಡ್ಡಿಯೂ ಉಂಟು. ಈ ಹಾಲುಮಡ್ಡಿಯ ಮರವನ್ನೇ ಕೆಲವೆಡೆ 'ಗುಗ್ಗುಳಧೂಪ'ವೆಂದು ಕರೆಯುತ್ತಾರೆ. ತಿರುಪತಿ, ಕಡಪೆಗಳ ಬೆಟ್ಟಸಾಲಿನಲ್ಲಿ ಸಾಲದ ಜಾತಿಯ ಬೇರೊಂದು ಮರವಿದೆ. ಕೋಲಾರ ಸೀಮೆಯ ಒಣಕಾಡುಗಳಲ್ಲಿರುವುದು ಜಾಲಾರಿ. ಅದೂ ಸಾಲದ ಕುಲದ್ದೇ, ಸಸ್ಯಶಾಸ್ತ್ರದಲ್ಲಿ ಶೋರಿಯಾ ರಾಕ್ಸ್‌ಬರ್ಗಿಯೈ. ಹೀಗಿರುವಾಗ ಒಂದೇ ಶ್ಲೋಕದ 'ಗುಗ್ಗುಲು' ಪದಕ್ಕೆ ಮಲೆನಾಡಿನ ಲಿಪಿಕಾರನು ಹಾಲುಮಡ್ಡಿಯನ್ನೂ, ಶ್ರೀನಿವಾಸಪುರದ ಕಡೆಯವನು ರಾಳವನ್ನೂ, ಸೊಲ್ಲಾಪುರದ ಪಂಡಿತನು ನಿಜವಾದ ಗುಗ್ಗುಲುವನ್ನೂ ಬರೆದರೆ ಆಶ್ಚರ್ಯವಿಲ್ಲ. ಮೂವರೂ ತಮ್ಮ ತಮ್ಮ ಊರಿನ ಮಟ್ಟಿಗೆ ಸತ್ಯವನ್ನೇ ಬರೆದವರು. ಹಸ್ತಪ್ರತಿಯು ಯಾವ ಭಂಡಾರದಲ್ಲಿ ದೊರೆಯಿತೆಂಬುದಕ್ಕಿಂತ ಎಲ್ಲಿ ಪ್ರತಿಯಾಯಿತೆಂಬುದು ಇಲ್ಲಿ ಹೆಚ್ಚು ಮುಖ್ಯ. ಲಿಪಿಕಾರನ ಊರನ್ನು ಹೇಳುವ ಸಮಾಪ್ತಿವಾಕ್ಯವನ್ನು ಗ್ರಂಥಸೂಚಿಗಳಲ್ಲಿ ಸಂಕ್ಷೇಪಿಸಿಬಿಡುವ ಪದ್ಧತಿಯು ಈ ದೃಷ್ಟಿಯಿಂದ ನಷ್ಟಕರವಾದುದು.

ಪದ ಸಂದಿಗ್ಧವಾದಾಗ ಪಾಕವಿಧಾನವನ್ನು ಕೇಳಬೇಕು. ಗುಗ್ಗುಲುವಿನಲ್ಲಿ ಗೋಂದಿನ ಅಂಶವಿರುವುದರಿಂದ ಅದು ಬಿಸಿಯಾದ ನೀರಿನಲ್ಲಿ ಬಹುಮಟ್ಟಿಗೆ ಕದಡಿ ಹಾಲಿನಂತಾಗುತ್ತದೆ. ಆದುದರಿಂದಲೇ ಅದನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ತ್ರಿಫಲಾಕಷಾಯದಲ್ಲಿಯೋ ಹಾಲಿನಲ್ಲಿಯೋ ತೂಗುಬಿಟ್ಟು ಬೇಯಿಸಿ, ಸೋಸಿ, ಕಸವನ್ನು ಬೇರ್ಪಡಿಸಿ ಶುದ್ಧಿಮಾಡುವರು. ರಾಳವಾದರೋ ನೀರಿನಲ್ಲಿ ಕರಗದು. ಎಣ್ಣೆಯಲ್ಲಿಯೋ ತುಪ್ಪದಲ್ಲಿಯೋ ಕಾಯಿಸಿದರೆ ಕರಗುತ್ತದೆ. ಕಷಾಯದಲ್ಲಿ ಕರಗಿಸಿ ಸೋಸಿ ಗುಳಿಗೆ ಕಟ್ಟಬೇಕೆಂದು ಯೋಗವು ಹೇಳಿದರೆ ಅದು ಗುಗ್ಗುಲುವೇ ಹೊರತು ರಾಳವಲ್ಲ. ಅಂಚಿನಲ್ಲಿ ಯಾರು ಏನು ಬರೆದಿದ್ದರೂ ಸರಿಯೆ. ಎಣ್ಣೆಯಲ್ಲಿ ಕರಗಿಸಿ ತಣ್ಣೀರಿಗೆ ಸುರಿದು ಮಥಿಸಬೇಕೆಂದಿದ್ದರೆ ಅದು ರಾಳವೇ. ಈ ಒಂದು ಪರೀಕ್ಷೆಯಿಂದಲೇ ಸಂದಿಗ್ಧಸ್ಥಳಗಳಲ್ಲಿ ಹೆಚ್ಚಿನವು ಬಗೆಹರಿಯುತ್ತವೆ.

ಎರಡನೆಯ ಸಾಕ್ಷಿ ಪ್ರಯೋಗಮಾರ್ಗ. ಕುಷ್ಠಚಿಕಿತ್ಸೆಯಲ್ಲಿ ಗುಗ್ಗುಲುವು ಪ್ರಧಾನವಾಗಿ ಒಳಗೆ ಕೊಡುವ ಔಷಧ. ಬೇವು, ಅಮೃತಬಳ್ಳಿ, ಆಡುಸೋಗೆ, ಪಟೋಲ, ಕಂಟಕಾರಿಗಳೊಡನೆ ತುಪ್ಪದಲ್ಲಿ ಪಕ್ವವಾದ ಪಂಚತಿಕ್ತ ಗುಗ್ಗುಲುಘೃತವೂ, ಅಮೃತಬಳ್ಳಿ ಮತ್ತು ತ್ರಿಫಲೆಗಳ ಕೈಶೋರ ಗುಗ್ಗುಲುವೂ ಇದಕ್ಕೆ ಪ್ರಸಿದ್ಧ ಉದಾಹರಣೆಗಳು. ರಾಳವು ಹೆಚ್ಚಾಗಿ ಲೇಪಕ್ಕೂ ತೈಲಕ್ಕೂ ಬರುವ ದ್ರವ್ಯ. ಅದರ ಕಷಾಯರಸವು ಸ್ರಾವವನ್ನು ತಡೆದು ಹುಣ್ಣನ್ನು ಮಾಯಿಸುವುದೆಂದು ಶಾಸ್ತ್ರದ ಅಭಿಪ್ರಾಯ. ಇಲ್ಲಿ ರೋಗದ ಹೆಸರೂ ಎಚ್ಚರಿಕೆಯನ್ನು ಬೇಡುತ್ತದೆ. ಹದಿನೆಂಟು ಕುಷ್ಠಗಳಲ್ಲಿ ಒಂದಾದ ವಿಚರ್ಚಿಕೆಯನ್ನು ಇಂದಿನ ವೈದ್ಯರು ಎಕ್ಸಿಮಾ ಎಂಬ ವ್ಯಾಧಿಗೆ, ಕನ್ನಡದ ಇಸುಬಿಗೆ, ಹೋಲಿಸುವರು. ಚರಕನ ವಿಚರ್ಚಿಕೆಯು ಬಹಳವಾಗಿ ರಸಿಗೆ ಸೋರುವಂತಹುದು. ಸುಶ್ರುತನದು ರೂಕ್ಷವಾಗಿ ಗೀರುಬಿದ್ದು ತುರಿಕೆಯೊಡನೆ ನೋಯುವಂತಹುದು. ಸೋರುವ ಹುಣ್ಣಿಗೆ ಹೇಳಿದ ರಾಳದ ಚೂರ್ಣವನ್ನು ಒಣಗಿ ಬಿರಿದ ಚರ್ಮಕ್ಕೆ ಉದುರಿಸಿದರೆ ಬಿರುಕು ಹೆಚ್ಚುವುದೇ ಹೊರತು ಕಡಿಮೆಯಾಗದು. ಉಗ್ರಾದಿತ್ಯನಾಗಲಿ ಸೋಮನಾಥನಾಗಲಿ ಯಾವ ಸಂಹಿತೆಯ ಲಕ್ಷಣವನ್ನು ಅನುಸರಿಸಿದ್ದಾನೆಂದು ಆಯಾ ಅಧಿಕಾರದ ನಿದಾನಭಾಗದಲ್ಲಿ ನೋಡಿಕೊಳ್ಳದೆ ಚಿಕಿತ್ಸಾಭಾಗಕ್ಕೆ ಅರ್ಥ ಬರೆಯುವುದು ಅಪಾಯಕರ.

ಇನ್ನು ಲಿಪಿದೋಷಗಳು. 'ಸರ್ಜರಸ'ವು ಸಮಸ್ತಪದ. ಓಲೆಯಲ್ಲಿ ಪದಗಳ ನಡುವೆ ಅಂತರವಿಲ್ಲದಿರುವುದರಿಂದ ಇದನ್ನು 'ಸರ್ಜ' ಮತ್ತು 'ರಸ' ಎಂದು ಬಿಡಿಸಿದವನು ಎರಡು ದ್ರವ್ಯಗಳನ್ನು ಎಣಿಸಿ, 'ರಸ'ಕ್ಕೆ ಪಾದರಸವೆಂದು ಅರ್ಥಮಾಡುವ ಸಂಭವವುಂಟು. ಪೂಜ್ಯಪಾದರ ಹೆಸರು ರಸವಾದದ ಕಥೆಗಳೊಡನೆ ಬೆರೆತಿರುವುದರಿಂದ ಜೈನ ವೈದ್ಯಗ್ರಂಥದಲ್ಲಿ ಪಾದರಸ ಬಂದಿತೆಂದರೆ ಓದುಗನಿಗೆ ಸಂಶಯವೂ ಹುಟ್ಟದು. ಮರದ ಅಂಟು ಇರಬೇಕಾದ ಸ್ಥಳದಲ್ಲಿ ಪಾರದ ಬಂದರೆ ಯೋಗದ ಸ್ವರೂಪವೇ ಬದಲಾಗುತ್ತದೆ. ಇದಕ್ಕಿಂತಲೂ ಹತ್ತಿರದ ಅಪಾಯ 'ಸರ್ಜಿ'ಯದು. ಸರ್ಜಿಕ್ಷಾರ, ಎಂದರೆ ಸಜ್ಜೀಖಾರ, ಸುಡುವ ಗುಣದ ಕ್ಷಾರದ್ರವ್ಯ. ಗುಡಿಸು ಅಳಿಸಿಹೋದ ಅಥವಾ ಇಲ್ಲದೆಡೆ ಇದ್ದಂತೆ ಕಾಣುವ ಓಲೆಯಲ್ಲಿ ಸರ್ಜ, ಸರ್ಜಿಗಳ ಭೇದವನ್ನು ಕಣ್ಣಿನಿಂದಷ್ಟೇ ನಿರ್ಣಯಿಸುವುದು ಕಷ್ಟ. ಉರಿಯನ್ನು ಶಮನಗೊಳಿಸುವ ಶೀತದ್ರವ್ಯಗಳ ನಡುವೆ ಕ್ಷಾರವೊಂದು ಕಂಡರೆ ಸಂಪಾದಕನು ಅಲ್ಲಿಯೇ ನಿಂತು ಮತ್ತೊಮ್ಮೆ ಓಲೆಯನ್ನು ನೋಡಬೇಕು.

ಗುಗ್ಗುಲುವಿನ ಪರ್ಯಾಯಗಳೂ ಸುಲಭವಾದವಲ್ಲ. ಪುರ, ಕೌಶಿಕ, ಪಲಂಕಷ ಎಂಬಿವು ಛಂದಸ್ಸಿನ ಅನುಕೂಲಕ್ಕೆ ತಕ್ಕಂತೆ ಬರುತ್ತವೆ. ಪಲಂಕಷದ ಮೊದಲೆರಡು ಅಕ್ಷರಗಳನ್ನು ತೂಕದ 'ಪಲಂ' ಎಂದು ಓದಿದರೆ ದ್ರವ್ಯ ಮಾಯವಾಗಿ ತೂಕವೊಂದು ಹೆಚ್ಚುತ್ತದೆ. ಈ ಪದದಲ್ಲಿ ಜೈನ ಓದುಗನಿಗೆ ಇನ್ನೊಂದು ಗಹನವಾದ ಪ್ರಶ್ನೆಯಿದೆ. ಭಾವಪ್ರಕಾಶದಲ್ಲಿ 'ಪಲಂಕಷಾ' ಎಂಬುದು ಲಾಕ್ಷೆಯ ಪರ್ಯಾಯವೂ ಹೌದು. ಲಾಕ್ಷೆ, ಎಂದರೆ ಅರಗು, ನೋಡಲು ಮರದ ಸ್ರಾವದಂತೆಯೇ ಇದ್ದರೂ ಅದು ವೃಕ್ಷನಿರ್ಯಾಸವಲ್ಲ. ಕೊಂಬೆಗೆ ಮುತ್ತಿಕೊಂಡ ಅಸಂಖ್ಯಾತ ಸೂಕ್ಷ್ಮ ಕೀಟಗಳ ಮೈಯಿಂದ ಹೊರಡುವ ವಸ್ತು. ಶ್ರಾವಕನು ತ್ಯಜಿಸಬೇಕಾದ ಹದಿನೈದು ಖರಕರ್ಮಗಳಲ್ಲಿ ಲಾಕ್ಷಾವಾಣಿಜ್ಯವು ಸೇರಿರುವುದು ಸರ್ವವಿದಿತ. ಹೇಮಚಂದ್ರನ ಯೋಗಶಾಸ್ತ್ರವೂ ಆಶಾಧರನ ಸಾಗಾರಧರ್ಮಾಮೃತವೂ ಇದನ್ನು ಎಣಿಸುತ್ತವೆ. ಪ್ರಾಚೀನ ಭಾಷೆಯಲ್ಲಿ 'ಜತು' ಎಂಬ ಪದವೂ ಇದೇ ಬಗೆಯದು. ಸಂಸ್ಕೃತದಲ್ಲಿ ಅದು ಮುಖ್ಯವಾಗಿ ಅರಗು. ಬೌದ್ಧರ ಪಾಲಿ ವಿನಯದಲ್ಲಿ ಭಿಕ್ಷುಗಳಿಗೆ ಅನುಮತವಾದ 'ಜತು' ಔಷಧಗಳೆಂದರೆ ಇಂಗು, ಸರ್ಜರಸ ಮೊದಲಾದ ಸಸ್ಯಸ್ರಾವಗಳು.

ಕೋಲಾರ ಸೀಮೆಯ ಜಾಲಾರಿ ಮರವು ಈ ಪ್ರಶ್ನೆಯನ್ನು ಕಣ್ಣೆದುರಿಗೇ ತಂದಿಡುತ್ತದೆ. ಅದರ ತೊಗಟೆಯ ಗಾಯದಿಂದ ಒಸರುವುದು ರಾಳ. ಅದೇ ಮರದ ಎಳೆಯ ಕೊಂಬೆಗಳು ಮೈಸೂರು ಸೀಮೆಯ ಅರಗಿನ ಹುಳುವಿಗೂ ಆಶ್ರಯ. ಕೀಟಶಾಸ್ತ್ರಜ್ಞರು ಆ ಹುಳುವಿನ ಒಂದು ಬಗೆಗೆ ಮೈಸೂರಿನ ಹೆಸರನ್ನೇ ಇಟ್ಟಿದ್ದಾರೆ. ಒಂದೇ ಮರದಿಂದ ಕೆರೆದು ತಂದ ಎರಡು ಅಂಟುಗಳಲ್ಲಿ ಒಂದು ಏಕೇಂದ್ರಿಯ ವನಸ್ಪತಿಯದು, ಮತ್ತೊಂದು ತ್ರಸಜೀವಿಗಳ ರಾಶಿಯನ್ನೇ ನಾಶಮಾಡಿ ತೆಗೆದುದು. ಜೈನ ವೈದ್ಯನಿಗೆ ಈ ಭೇದವು ಔಷಧದ ಗುಣದಷ್ಟೇ ಮುಖ್ಯವಾದುದು. ಆದುದರಿಂದ ಜೈನಗ್ರಂಥದಲ್ಲಿ ಪಲಂಕಷ ಪದವು ಸಂದಿಗ್ಧವಾಗಿ ಬಂದಾಗ ಗುಗ್ಗುಲುವೆಂಬ ಅರ್ಥವನ್ನು ಮೊದಲು ಪರಿಶೀಲಿಸುವುದು ನ್ಯಾಯ. ಆದರೆ ಇದನ್ನು ಸಾರ್ವತ್ರಿಕ ನಿಯಮವೆಂದು ತಿಳಿಯಬಾರದು. ವಾಣಿಜ್ಯದ ನಿಷೇಧವು ಗೃಹಸ್ಥನ ವೃತ್ತಿಗೆ ಸಂಬಂಧಿಸಿದುದು. ವೈದ್ಯಗ್ರಂಥಕಾರನು ಪೂರ್ವಶಾಸ್ತ್ರದಿಂದ ಯೋಗವನ್ನೆತ್ತಿಕೊಂಡಾಗ ಲಾಕ್ಷೆಯನ್ನು ಉಳಿಸಿಯೂ ಇರಬಹುದು. ಗ್ರಂಥದ ಬೇರೆಡೆಗಳಲ್ಲಿ ಲಾಕ್ಷಾ ಎಂಬ ಹೆಸರು ನೇರವಾಗಿ ಬಂದಿದೆಯೇ ಎಂಬುದನ್ನು ಪದಸೂಚಿಯಿಂದ ನೋಡಿದ ಹೊರತು ಧರ್ಮದ ಹೆಸರಿನಲ್ಲಿ ಪಾಠವನ್ನು ತಿದ್ದುವುದು ಸಲ್ಲದು.

ತಿದ್ದುವ ಪ್ರವೃತ್ತಿಗೆ ಇನ್ನೊಂದು ಮುಖವೂ ಇದೆ. ಅದು ಹೆಚ್ಚು ಹಾನಿಕರ. ಮೇಲೆ ಹೇಳಿದ ಏಲಾದಿಗಣದಲ್ಲಿ ಐದು ಸಸ್ಯಸ್ರಾವಗಳ ಜೊತೆಗೆ ವ್ಯಾಘ್ರನಖ, ಶುಕ್ತಿ ಎಂಬ ಎರಡು ದ್ರವ್ಯಗಳಿವೆ. ವ್ಯಾಖ್ಯಾನಪರಂಪರೆಯು ಇವನ್ನು ನಖವೆಂಬ ಗಂಧದ್ರವ್ಯದ ಭೇದಗಳೆಂದು, ಎಂದರೆ ಜಲಪ್ರಾಣಿಗಳ ಚಿಪ್ಪಿನ ಜಾತಿಯವೆಂದು ಗ್ರಹಿಸುತ್ತದೆ. ಜೈನ ಹಸ್ತಪ್ರತಿಯೊಂದರಲ್ಲಿ ಇದೇ ಗಣವು ಈ ಎರಡನ್ನು ಬಿಟ್ಟು ಪಠಿತವಾಗಿದ್ದರೆ, ಸುಶ್ರುತವನ್ನು ಕೈಯಲ್ಲಿ ಹಿಡಿದ ಸಂಪಾದಕನು ಅದನ್ನು ಲೋಪವೆಂದು ಬಗೆದು ಕಂಸಗಳಲ್ಲಿ ತುಂಬಿಸಿಬಿಡುವ ಸಂಭವವುಂಟು. ಅದು ಲೋಪವಲ್ಲ, ಗ್ರಂಥಕಾರನ ಸಂಕಲ್ಪವಾಗಿರಬಹುದು. ಹಿತಾಹಿತಾಧ್ಯಾಯವನ್ನು ಬರೆದವನ ಗ್ರಂಥಕ್ಕೆ ಸಂಹಿತೆಯಿಂದ ಪ್ರಾಣಿಜದ್ರವ್ಯವನ್ನು ಸೇರಿಸುವುದೆಂದರೆ ಅವನು ರಾಜಸಭೆಯಲ್ಲಿ ಸಾಧಿಸಿದುದನ್ನು ಅಡಿಟಿಪ್ಪಣಿಯಲ್ಲಿ ರದ್ದುಮಾಡಿದಂತೆ. ತೌಲನಿಕ ಪಾಠಗಳನ್ನು ಟಿಪ್ಪಣಿಯಲ್ಲಿ ತೋರಿಸಲಿ. ಮೂಲದಲ್ಲಿ ತುಂಬಿಸುವುದು ಬೇಡ.

ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಮೊದಲನೆಯದು. ಜೇನುತುಪ್ಪದ ನಿಷೇಧವು ಜೇನುಮೇಣದ ಪ್ರಶ್ನೆಯನ್ನೂ ಎತ್ತುತ್ತದೆ. ಎರಡೂ ಒಂದೇ ಗೂಡಿನಿಂದ, ಒಂದೇ ಹಿಂಸೆಯಿಂದ ಬರುವಂತಹವು. ಚರಕನು ವಾತರಕ್ತದ ಉರಿಗೆ ಹೇಳಿದ ಪಿಂಡತೈಲದಲ್ಲಿ ಸರ್ಜರಸ, ಮಧೂಚ್ಛಿಷ್ಟ, ಮಂಜಿಷ್ಠ, ಸಾರಿವಾ ಇವು ಸೇರುತ್ತವೆ. ಇದರಲ್ಲಿ ಎಣ್ಣೆಗೆ ಗಟ್ಟಿತನವನ್ನು ಕೊಟ್ಟು ಚರ್ಮದ ಮೇಲೆ ನಿಲ್ಲಿಸುವುದು ಮಧೂಚ್ಛಿಷ್ಟ, ಎಂದರೆ ಜೇನುಮೇಣ. ಮೇಣವನ್ನು ಬಿಟ್ಟರೆ ಲೇಪ ನಿಲ್ಲದೆಂದು ತೋರಬಹುದಾದರೂ ವಸ್ತುಸ್ಥಿತಿ ಹಾಗಿಲ್ಲ. ರಾಳದ ನುಣ್ಣನೆಯ ಪುಡಿಯನ್ನು ಎಣ್ಣೆಯಲ್ಲಿ ಮೆಲ್ಲನೆ ಕರಗಿಸಿ, ತಣ್ಣೀರಿಗೆ ಸುರಿದು, ನೀರನ್ನು ಬದಲಿಸುತ್ತ ಹಲವು ಬಾರಿ ಮಥಿಸಿದರೆ ಅದು ಬೆಳ್ಳಗೆ ಬೆಣ್ಣೆಯಂತೆ ಉಬ್ಬಿ ನಿಲ್ಲುತ್ತದೆ. ತಮಿಳು ಸಿದ್ಧವೈದ್ಯರ 'ಕುಂಗಿಲಿಯ ವೆಣ್ಣೈ' ಎಂಬುದು ಇದೇ. ಕುಂಗಿಲಿಯವೆಂಬುದು ತೆಲುಗಿನ ಗುಗ್ಗಿಲಂ ಪದದ ಸೋದರಿ. ನೂರು ಬಾರಿ ತೊಳೆದ ಶತಧೌತ ಘೃತದ ತತ್ತ್ವವೂ ಇದಕ್ಕೆ ಸಮೀಪದ್ದು. ಮೇಣವಿಲ್ಲದೆ ಮುಲಾಮು ಕಟ್ಟುವ ಸಾಮರ್ಥ್ಯ ರಾಳಕ್ಕಿದೆಯೆಂಬುದರಿಂದ, ಜೈನ ಯೋಗದಲ್ಲಿ ರಾಳವಿದ್ದು ಮೇಣವಿಲ್ಲದಿದ್ದರೆ ಆ ಯೋಗವು ಅಪೂರ್ಣವೆಂದು ಶಂಕಿಸಬೇಕಾಗಿಲ್ಲ.

ಕನ್ನಡ ಟೀಕೆಗಳಲ್ಲಿ 'ಮೇಣ' ಎಂದಿದ್ದರೆ ಅದು ಜೇನುಮೇಣವೇ ಎಂದು ನಿಶ್ಚಯಿಸಲು ಬರುವುದಿಲ್ಲವೆಂಬುದನ್ನೂ ಇಲ್ಲಿ ಸೇರಿಸಬೇಕು. ಹಲಸಿನ ಮೇಣವೆಂದು ಹೇಳುವ ಭಾಷೆಯಲ್ಲಿ ಮೇಣವು ಗಿಡಮರಗಳ ಹಾಲಂಟಿಗೂ ಹೆಸರು. ಸಂಸ್ಕೃತದ ಸಿಕ್ಥ, ಮಧೂಚ್ಛಿಷ್ಟ ಎಂಬ ಪದಗಳು ಮೂಲದಲ್ಲಿದ್ದರೆ ಸಂದೇಹವಿಲ್ಲ. 'ಮದನ' ಎಂದಿದ್ದರೆ ಅದು ಮೇಣವೂ ಆಗಬಹುದು, ವಮನಕ್ಕೆ ಬಳಸುವ ಮದನಫಲವೂ ಆಗಬಹುದು. ಮೂಲವಿಲ್ಲದೆ ಕನ್ನಡದ ಮೇಣವೊಂದೇ ಉಳಿದಿರುವ ಯೋಗಗಳಲ್ಲಿ ಮುಲಾಮಿನ ಪಾಕವನ್ನು ನೋಡಬೇಕು. ಶೋಧಿಸಿ ಎಣ್ಣೆಯಲ್ಲಿ ಕರಗಿಸೆಂದರೆ ಜೇನುಮೇಣ ಅಥವಾ ರಾಳ, ಹಸಿಯಾಗಿಯೇ ಹಚ್ಚೆಂದರೆ ಮರದ ಹಾಲು. ಇದೇ ಸಂದರ್ಭದಲ್ಲಿ ಇನ್ನೊಂದು ಭ್ರಾಂತಿಯನ್ನು ನಿವಾರಿಸಬಹುದು. ಅಷ್ಟಮೂಲಗುಣಗಳಲ್ಲಿ ಹೇಳಿದ ಪಂಚೋದುಂಬರ ತ್ಯಾಗವು ಆಲ, ಅತ್ತಿ, ಅರಳಿ ಮೊದಲಾದವುಗಳ ಹಣ್ಣಿಗೆ ಸಂಬಂಧಿಸಿದುದು. ಒಳಗೆ ಹುಳುಗಳಿರುವುದು ಹಣ್ಣಿನಲ್ಲಿ. ಈ ಮರಗಳ ತೊಗಟೆಯ ಕಷಾಯದಿಂದ ಹುಣ್ಣನ್ನು ತೊಳೆಯುವ ವಿಧಾನವು ಜೈನ ಪ್ರತಿಯಲ್ಲಿ ಕಂಡುಬಂದರೆ ಪರಸಮಯದ ಪ್ರಕ್ಷೇಪವೆಂದು ಬಗೆಯಲು ಕಾರಣವಿಲ್ಲ.

ಆಧುನಿಕ ಪರೀಕ್ಷೆಗಳು ಈ ದ್ರವ್ಯಗಳ ಬಗೆಗೆ ಏನು ಹೇಳುತ್ತವೆಂಬುದನ್ನು ತಿಳಿದಿರುವುದು ಸಂಪಾದಕನಿಗೂ ಉಪಯುಕ್ತ. ಸಲ್ಲಕಿಯ ಸ್ರಾವದಲ್ಲಿರುವ ಬೋಸ್ವೆಲಿಕ್ ಆಮ್ಲಗಳು, ಉರಿಯೂತವನ್ನು ಹೆಚ್ಚಿಸುವ ಲ್ಯೂಕೋಟ್ರಯೀನ್ ಎಂಬ ವಸ್ತುಗಳ ಉತ್ಪತ್ತಿಗೆ ಕಾರಣವಾದ ಕಿಣ್ವವನ್ನು ತಡೆಯುತ್ತವೆಂದು 1990ರ ದಶಕದ ಆರಂಭದಲ್ಲಿ ಜರ್ಮನಿಯ ಸಂಶೋಧಕರು ಪ್ರಯೋಗಶಾಲೆಯಲ್ಲಿ ತೋರಿಸಿದರು. ಗುಗ್ಗುಲುವಿನ ಸಾರವನ್ನು ಗಂಟುಕಟ್ಟುವ ಮೊಡವೆಗಳಿಗೆ ಟೆಟ್ರಾಸೈಕ್ಲಿನ್ ಔಷಧದೊಡನೆ ಹೋಲಿಸಿ 1994ರಲ್ಲಿ ಪ್ರಕಟವಾದ ವರದಿಯಲ್ಲಿ ಎರಡರ ಫಲವೂ ಸುಮಾರಾಗಿ ಸಮವೆಂದು ಕಂಡಿತು; ಆದರೆ ಪರೀಕ್ಷೆಗೆ ಒಳಗಾದವರು ಇಪ್ಪತ್ತೇ ಜನ. 2003ರಲ್ಲಿ ಅಮೆರಿಕದಲ್ಲಿ ರಕ್ತದ ಕೊಬ್ಬಿನ ವಿಷಯವಾಗಿ 103 ಜನರ ಮೇಲೆ ಎಂಟು ವಾರ ನಡೆಸಿದ ಪರೀಕ್ಷೆಯ ಫಲ ಇದಕ್ಕಿಂತ ಗಮನಾರ್ಹ. ಅಲ್ಲಿ ಗುಗ್ಗುಲುವಿನ ಸಾರವು ಕೊಬ್ಬನ್ನು ಇಳಿಸಲಿಲ್ಲ. ಅಷ್ಟೇ ಅಲ್ಲದೆ ಅದನ್ನು ಸೇವಿಸಿದವರಲ್ಲಿ ಆರು ಜನರಿಗೆ ಮೈಮೇಲೆ ಅಸಹಿಷ್ಣುತೆಯ ದದ್ದುಗಳೆದ್ದವು. ದದ್ದನ್ನು ಶಮನಗೊಳಿಸುವುದೆಂದು ಶಾಸ್ತ್ರವು ಹೊಗಳಿದ ದ್ರವ್ಯವೇ ಕೆಲವರಲ್ಲಿ ದದ್ದನ್ನು ಎಬ್ಬಿಸುತ್ತದೆ. ಶೋಧನಸಂಸ್ಕಾರವಿಲ್ಲದೆ ಗುಗ್ಗುಲುವನ್ನು ಕೊಡಬಾರದೆಂದು ಪ್ರಾಚೀನರು ಹೇಳಿದುದನ್ನು ಇದರೊಡನೆ ಇಟ್ಟು ನೋಡಬಹುದು. ಶೋಧನದಿಂದ ಈ ದೋಷ ಪೂರ್ಣವಾಗಿ ಹೋಗುತ್ತದೆಂದು ಮಾತ್ರ ಅದರಿಂದ ಸಿದ್ಧವಾಗುವುದಿಲ್ಲ.

ರಾಳದ ವಿಷಯದಲ್ಲಿ ಅಪಾಯವು ಪೇಟೆಯಿಂದಲೇ ಬರುತ್ತದೆ. ಇಂದು ರಾಳವೆಂಬ ಹೆಸರಿನಲ್ಲಿ ದೊರೆಯುವ ಮಾಲಿನಲ್ಲಿ ಪೈನ್ ಮರದ ರೋಸಿನ್ ಎಷ್ಟೋ ವೇಳೆ ಸೇರಿರುತ್ತದೆ. ಇದು ಶಾಸ್ತ್ರದ ಶ್ರೀವೇಷ್ಟಕಕ್ಕೆ ಹತ್ತಿರದ ವಸ್ತು, ಸರ್ಜರಸವಲ್ಲ. ಚರ್ಮದ ಅಲರ್ಜಿಯನ್ನು ಕಂಡುಹಿಡಿಯಲು ವೈದ್ಯರು ಬೆನ್ನಿಗೆ ಅಂಟಿಸಿ ನೋಡುವ ದ್ರವ್ಯಗಳ ಪಟ್ಟಿಯಲ್ಲಿ ಈ ರೋಸಿನ್ ಒಂದೆಂದರೆ ಅದರ ಸ್ವಭಾವ ತಿಳಿಯುತ್ತದೆ. ಗ್ರಂಥದ ಅರ್ಥವನ್ನು ಸರಿಯಾಗಿಯೇ ಬರೆದ ಸಂಪಾದಕನು ಸಹ ಸಸ್ಯದ ಹೆಸರನ್ನು ಕೊಡದೆ 'ರಾಳ'ವೆಂದಷ್ಟೇ ಬಿಟ್ಟರೆ ಓದುಗನು ಅಂಗಡಿಯಿಂದ ತರುವುದು ಬೇರೆಯೇ ಆಗಬಹುದು. ಪೂಜ್ಯಪಾದರ ಹೆಸರಿನ ಯೋಗವೆಂಬ ಗೌರವದಿಂದ ಸೋರಿಯಾಸಿಸ್, ಎಕ್ಸಿಮಾಗಳಿಗೆ ಮನೆಯಲ್ಲಿಯೇ ಇಂತಹ ಲೇಪವನ್ನು ಹಚ್ಚಿಕೊಳ್ಳುವವರು ಇರುವುದರಿಂದ, ವೈದ್ಯರನ್ನು ಕೇಳದೆ ಪ್ರಯೋಗಿಸಬಾರದೆಂಬ ಸೂಚನೆಯು ಪೀಠಿಕೆಯಲ್ಲಿ ಸ್ಪಷ್ಟವಾಗಿರಬೇಕು. ಇದರಿಂದ ಗ್ರಂಥದ ಘನತೆಗೆ ಕುಂದಿಲ್ಲ.

ಸಸ್ಯಸ್ರಾವವು ಪ್ರಾಣಿಜವಲ್ಲವೆಂಬ ಕಾರಣದಿಂದ ಸಂಪೂರ್ಣ ನಿರ್ದೋಷವೆಂದೂ ಹೇಳುವಂತಿಲ್ಲ. ಗುಗ್ಗುಲುವನ್ನು ಪಡೆಯಲು ಗಿಡದ ಕಾಂಡವನ್ನು ಆಳವಾಗಿ ಕಡಿದು ಗಾಯಮಾಡುತ್ತಾರೆ. ಲೋಭದಿಂದ ಹೆಚ್ಚಾಗಿ ಕಡಿದರೆ ಗಿಡವೇ ಒಣಗುತ್ತದೆ. 2015ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟವು ಈ ಗಿಡವನ್ನು ತೀವ್ರವಾಗಿ ಅಳಿವಿನಂಚಿನಲ್ಲಿರುವ ಸಸ್ಯಗಳ ವರ್ಗಕ್ಕೆ ಸೇರಿಸಿತು. ಏಕೇಂದ್ರಿಯ ಜೀವಕ್ಕೂ ಪ್ರಯೋಜನವಿಲ್ಲದೆ ಪೀಡೆ ಕೊಡಬಾರದೆಂಬ ಅನರ್ಥದಂಡ ವಿರತಿಯನ್ನು ಬೋಧಿಸುವ ಪರಂಪರೆಯು, ರಾಳವು ಸಾಕಾಗುವ ಲೇಪಕ್ಕೆ ತಪ್ಪು ಅರ್ಥದ ದೆಸೆಯಿಂದ ಗುಗ್ಗುಲುವನ್ನು ವ್ಯಯಮಾಡಿಸುವುದು ಉಚಿತವಾಗಲಾರದು.

ಮುದ್ರಣಕ್ಕೆ ಸಿದ್ಧವಾಗುವ ವೈದ್ಯಗ್ರಂಥಗಳಲ್ಲಿ ಈ ದ್ರವ್ಯಗಳನ್ನು ನಿರೂಪಿಸುವ ಕ್ರಮದ ಬಗೆಗೆ ಒಂದೆರಡು ಮಾತು ಸಾಕು. ಓಲೆಯಲ್ಲಿದ್ದ ಪದವನ್ನು ಇದ್ದಂತೆಯೇ ಮೂಲದಲ್ಲಿರಿಸಿ, ಲಿಪಿಕಾರನ ಕನ್ನಡ ಅಥವಾ ತೆಲುಗು ಅರ್ಥವನ್ನು ಅವನ ಊರಿನೊಡನೆ ಟಿಪ್ಪಣಿಯಲ್ಲಿ ಕೊಟ್ಟು, ಸಂಪಾದಕನ ನಿರ್ಣಯವನ್ನು ಸಸ್ಯನಾಮದೊಡನೆ ಬೇರೆಯಾಗಿ ಕಾಣಿಸಬೇಕು. ನಿರ್ಣಯವು ಪಾಕದಿಂದ ಆಯಿತೋ, ಪ್ರಯೋಗಮಾರ್ಗದಿಂದಲೋ, ಸಹಪಠಿತ ದ್ರವ್ಯಗಳಿಂದಲೋ ಎಂಬುದನ್ನೂ ಒಂದು ಮಾತಿನಲ್ಲಿ ಹೇಳಬೇಕು. ಗುಗ್ಗಿಲ, ಗುಗ್ಗಳ, ಗುಗ್ಗುಳು ಎಂಬ ರೂಪಭೇದಗಳನ್ನು ಅಶುದ್ಧಪಾಠಗಳೆಂದು ಏಕರೂಪಗೊಳಿಸುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ಗಡಿನಾಡಿನ ಪ್ರತಿಯಲ್ಲಿ ಆ ಇಕಾರವೇ ದ್ರವ್ಯವು ರಾಳವೆಂಬುದಕ್ಕೆ ಉಳಿದಿರುವ ಏಕೈಕ ಸಾಕ್ಷಿಯಾಗಿರಬಹುದು.